ರಜೆಯಲ್ಲಿ ಹುಟ್ಟಿದವನ ಮುಯ್ಯಿ

ಬಟ್ಟೆಯನ್ನು ವಾಷಿಂಗ್ ಮೆಷಿನ್ನಿಗೆ ಹಾಕುವ ಮೊದಲು ಜೇಬು ನೋಡಬೇಕು ಎಂಬ ಜ್ಞಾನ ನನಗೆ ಒಂದು ಜೆಲ್ ಪೆನ್ನಿನ ಬಲಿಯ ನಂತರ ಬಂತು. ಪೆನ್ನು ಮಗನ ಚಡ್ಡಿಯ ಜೇಬಿನಲ್ಲಿತ್ತು. ಅಂದು ಮೆಷಿನ್ನಿನಿಂದ ಹೊರಬಂದ ನನ್ನ ಬಿಳಿ ಅಂಗಿ, ಹೆಂಡತಿಯ ಆಸ್ಪತ್ರೆಯ ಕೋಟು, ಅವ್ವನ ಟವೆಲ್ಲು ಎಲ್ಲವೂ ಜಾತಿಭೇದ ಮರೆತು ಒಂದೇ ನೀಲಿಯಾಗಿದ್ದವು. ಅಂದಿನಿಂದ ನಾನು ಜೇಬು ಶೋಧಕನಾದೆ.

ನಮ್ಮ ಮನೆಯಲ್ಲಿ ಬಟ್ಟೆಯ ಖಾತೆ ನನ್ನದು. ಹೆಂಡತಿ ಸುಮಾ ಚಿತ್ರದುರ್ಗದಲ್ಲಿ ನರ್ಸು, ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ನನ್ನದು ಹೊಳಲ್ಕೆರೆಯಲ್ಲೇ ಒಂದು ಸಣ್ಣ ಮೆಡಿಕಲ್ ಶಾಪು. ಅದರ ಷಟರ್ ಎತ್ತುವುದು ಒಂಬತ್ತೂವರೆಗೆ. ನಡುವಿನ ಹೊತ್ತಿನಲ್ಲಿ ನಾನು ಪೇಪರ್ ಹಿಡಿದು ಕೂತಿದ್ದನ್ನು ನೋಡಲಾರದೆ ಅವ್ವ ಒಂದು ದಿನ, "ಓದಿದ್ದು ಸಾಕು ಎದ್ದೇಳಪ್ಪ, ಆ ಬಟನ್ ಒತ್ತಿದ್ರೆ ನಿನ್ ಬೆರಳೇನೂ ಸವೆಯಲ್ಲ" ಅಂದಳು. ಅತ್ತೆ ಸೊಸೆ ಒಂದಾಗಿರುವ ಮನೆಯಲ್ಲಿ ಗಂಡಸಿಗೆ ಅಪೀಲು ಹೋಗಲು ಮೇಲಿನ ಕೋರ್ಟು ಇರುವುದಿಲ್ಲ. ಎದ್ದು ಹೋಗಿ ಬಟನ್ ಒತ್ತಿದೆ. ಇವತ್ತಿನವರೆಗೂ ಒತ್ತುತ್ತಲೇ ಇದ್ದೇನೆ.

ಗಂಡುಹುಡುಗರ ಜೇಬು ದೊಡ್ಡ ವಿಷಯ. ನಾನು ತಾಳ್ಯದ ಕಡೆಯ ಹಳ್ಳಿಯವನು. ನನ್ನ ಚಡ್ಡಿಯ ಜೇಬಿನಲ್ಲಿ ಹುಣಸೆಬೀಜ, ಗೋಲಿ, ಸುಟ್ಟ ಶೇಂಗಾ ಸದಾ ಇರುತ್ತಿದ್ದವು. ಒಮ್ಮೆ ಬೆಂಕಿಪೊಟ್ಟಣದ ಸಮೇತ ಒಂದು ಜೀರ್ಜಿಂಬೆ ಹುಳವೂ ಇತ್ತು. ಬಟ್ಟೆ ಒಗೆಯಲು ಕೂತ ಅವ್ವ ಪೊಟ್ಟಣ ತೆಗೆದು, ಅದು ಮುಖಕ್ಕೇ ಹಾರಿ, ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಬಂದಿದ್ದರು. ಆ ಲೆಕ್ಕದಲ್ಲಿ ನನ್ನ ಮಗ ಶರಣುವಿನ ಜೇಬು ಬಹಳ ಸಪ್ಪೆ. ಅದರಲ್ಲಿ ಸಿಗುವುದು ಚಾಕ್ಲೇಟ್ ಕಾಗದ ಮಾತ್ರ. ತಿಂದು ಕಾಗದವನ್ನು ಎಲ್ಲೆಂದರಲ್ಲಿ ಎಸೆಯಬಾರದೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ, ಅದಕ್ಕೆ ಜೇಬಿಗೆ ಹಾಕಿಕೊಂಡು ಬರುತ್ತಾನೆ. ಮನೆಗೆ ಬಂದ ಮೇಲೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟ ಹಾಗಿಲ್ಲ.

ಒಂದು ಕಾಗದ ಸಿಕ್ಕರೆ ಆ ದಿನ ಕ್ಲಾಸಿನಲ್ಲಿ ಯಾರದೋ ಬರ್ತ್‌ಡೇ ಇತ್ತೆಂದು ಅರ್ಥ.

ನಿಮ್ಮ ಮನೆಯಲ್ಲೂ ಸಣ್ಣ ಮಕ್ಕಳಿದ್ದರೆ ಈ ಬರ್ತ್‌ಡೇಯ ಶಾಸ್ತ್ರ ಗೊತ್ತೇ ಇರುತ್ತದೆ. ಆ ದಿನ ಯೂನಿಫಾರಂ ಇಲ್ಲ, ಕಲರ್ ಡ್ರೆಸ್. ಇಡೀ ಶಾಲೆ ಬೂದು ಚಡ್ಡಿ ಬಿಳಿ ಅಂಗಿಯಲ್ಲಿರುವಾಗ ಒಬ್ಬ ಮಾತ್ರ ಮಿರಿಮಿರಿ ಮಿಂಚುತ್ತ, ಪರಿಮಳದ ಪೌಡರು ಮೆತ್ತಿಕೊಂಡು ಗೇಟಿನೊಳಗೆ ಬರುತ್ತಾನೆ. ಕೈಯಲ್ಲಿ ಚಾಕ್ಲೇಟಿನ ಡಬ್ಬಿ. ಮಿಸ್ ಅವನನ್ನು ಮುಂದೆ ನಿಲ್ಲಿಸುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟಿ ಹಾಡುತ್ತಾರೆ. "ಹ್ಯಾಪಿ ಬರ್ತ್‌ಡೇ" ಅಂದವರಿಗೆ ಅವನು ಗಾಬರಿಯಲ್ಲಿ "ಸೇಮ್ ಟು ಯೂ" ಅನ್ನುತ್ತಾನೆ. ತಲೆಗೊಂದು ಚಾಕ್ಲೇಟು ಹಂಚುತ್ತಾನೆ.

ಇಷ್ಟು ನಮಗೆ ಕಾಣುವ ಭಾಗ. ಅಸಲು ಭಾಗ ಆಮೇಲಿನದು. ಆಫೀಸು ರೂಮಿಗೆ, ಬೇರೆ ಸೆಕ್ಷನ್ನಿನ ಮಿಸ್ಸುಗಳಿಗೆ ಚಾಕ್ಲೇಟು ಕೊಟ್ಟುಬರಲು ಬರ್ತ್‌ಡೇ ಹುಡುಗ ಒಬ್ಬನೇ ಹೋಗುವ ಹಾಗಿಲ್ಲ. ಜತೆಗೆ ಒಬ್ಬರನ್ನು ಕರೆದುಕೊಂಡು ಹೋಗಬೇಕು, ಯಾರನ್ನು ಎಂಬುದು ಅವನ ಇಷ್ಟ. ಇಡೀ ಕ್ಲಾಸು ಉಸಿರು ಬಿಗಿಹಿಡಿದು ಅವನ ಬೆರಳನ್ನೇ ನೋಡುತ್ತದಂತೆ. ಬೆರಳು ತೋರಿದವನು ಎದ್ದು ಡಬ್ಬಿಯ ಮುಚ್ಚಳ ಹಿಡಿದುಕೊಂಡು ಹೊರಟರೆ ಅರ್ಧ ಪೀರಿಯಡ್ಡು ಪಾಠವಿಲ್ಲ. ಮರಳಿ ಬಂದ ಮೇಲೆ ಅವನಿಗೆ ಇನ್ನೊಂದು ಚಾಕ್ಲೇಟು. ಎಲ್ಲರಿಗೂ ಒಂದು, ಜತೆಗೆ ಹೋದವನಿಗೆ ಎರಡು.

ಇದೆಲ್ಲ ಶರಣು ಎರಡನೇ ಕ್ಲಾಸಿನಲ್ಲಿದ್ದಾಗ ಅವನ ಬಾಯಿಂದಲೇ ತಿಳಿದದ್ದು. ತಿಳಿದ ದಿನದಿಂದ ನನಗೊಂದು ರೋಗ ಹತ್ತಿತು. ಜೇಬಿಗೆ ಕೈ ಹಾಕಿದಾಗಲೆಲ್ಲ ಒಂದೇ ಬಣ್ಣದ ಎರಡು ಕಾಗದ ಸಿಗುತ್ತವೆಯೇ ಎಂದು ಹುಡುಕುವುದು. ಯಾವಾಗಲೂ ಸಿಗುತ್ತಿದ್ದುದು ಒಂದೇ.

ನಗಬೇಡಿ. ನನ್ನ ಅಂಗಡಿಯ ಗಾಜಿನ ಭರಣಿಯ ತುಂಬ ಚಾಕ್ಲೇಟಿವೆ. ಚಿಲ್ಲರೆ ಇಲ್ಲದಾಗ ಗಿರಾಕಿಗಳ ಕೈಗೆ ಅವನ್ನೇ ತುರುಕುತ್ತೇನೆ. ಸಕ್ಕರೆ ಕಾಯಿಲೆಯ ಮಾತ್ರೆ ಒಯ್ಯಲು ಬಂದವರಿಗೂ ಚಾಕ್ಲೇಟು ಕೊಟ್ಟು ಬೈಸಿಕೊಂಡಿದ್ದೇನೆ. ನನ್ನ ಮಗನಿಗೆ ಚಾಕ್ಲೇಟಿಗೆ ಬರವಿಲ್ಲ. ಅವನಿಗೆ ಬೇಕಾಗಿದ್ದ ಆ ಎರಡನೆಯದು ಮಾತ್ರ ಯಾವ ಭರಣಿಯಲ್ಲೂ ಸಿಗುವಂಥದ್ದಲ್ಲ.

ಒಂದು ಸಂಜೆ ಕೇಳಿಯೇ ಬಿಟ್ಟೆ. "ಯಾಕೋ ಶರಣು, ನಿನ್ನ ಯಾರೂ ಜತೆಗೆ ಕರಿಯಲ್ವೇನೋ?"

ಅವನು ಹೋಂವರ್ಕಿನಿಂದ ತಲೆ ಎತ್ತದೆ ಹೇಳಿದ. "ನಾನು ಯಾರ್ನೂ ಕರಿಯಲ್ವಲ್ಲಪ್ಪ. ನನ್ ಬರ್ತ್‌ಡೇ ರಜೆಯಾಗೆ ಬರ್ತೈತೆ."

ನಿಜ. ಅವನು ಹುಟ್ಟಿದ್ದು ಮೇ ತಿಂಗಳ ಕೊನೆಯಲ್ಲಿ. ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಅವನ ಬರ್ತ್‌ಡೇ ಆಗಿ ಹೋಗಿರುತ್ತದೆ. ಸಾತ್ವಿಕ್ ಎಂಬ ಹುಡುಗ ತನ್ನ ಬರ್ತ್‌ಡೇಗೆ ಯಾರನ್ನು ಕರೆದನೋ ಅವನು ತನ್ನ ಬರ್ತ್‌ಡೇಗೆ ಸಾತ್ವಿಕ್‌ನನ್ನು ಕರೆಯುತ್ತಾನೆ. ಕೊಡಲು ಏನೂ ಇಲ್ಲದ ನನ್ನ ಮಗನನ್ನು ಯಾರು ಕರೆಯಬೇಕು? ಇದರಲ್ಲಿ ಯಾರ ದ್ವೇಷವೂ ಇಲ್ಲ, ಅದಕ್ಕೇ ಜಗಳ ತೆಗೆಯುವಂತೆಯೂ ಇಲ್ಲ.

ಅಕ್ಕಿ ಆರಿಸುತ್ತ ಕೂತಿದ್ದ ಅವ್ವ ಅಂದಳು, "ಇದು ಮುಯ್ಯಾಳಿನ ಲೆಕ್ಕ ಕಣಪ್ಪ."

ಪಟ್ಟಣದಲ್ಲಿ ಬೆಳೆದವರಿಗೆ ಮುಯ್ಯಿ ಅಂದರೆ ಮದುವೆಮನೆಯಲ್ಲಿ ಕೊಡುವ ಕವರು ಅಷ್ಟೇ. ಅವರು ನಮ್ಮ ಮನೆಗೆ ಮಾಡಿದ್ದನ್ನು ನಾವು ಅವರ ಮನೆಗೆ ಮಾಡಿ ತೀರಿಸುವುದು. ನಮ್ಮ ಹೊಲಗಳಲ್ಲಿ ಅದು ಕೈಕಾಲಿನ ಮುಯ್ಯಿ. ಇವತ್ತು ನಿನ್ನ ಶೇಂಗಾ ಕಳೆಗೆ ನಾನು ಬಂದೆ, ನಾಳೆ ನನ್ನದಕ್ಕೆ ನೀನು ಬಾ. ಹಾಗೆ ಬರುವವರೇ ಮುಯ್ಯಾಳು. ನಾನು ಸಣ್ಣವನಿದ್ದಾಗ ನಮ್ಮ ಹೊಲಕ್ಕೆ ಈರಜ್ಜಿ ಎಂಬ ಮುದುಕಿ ಮುಯ್ಯಾಳಾಗಿ ಬರುತ್ತಿದ್ದಳು. ಅವಳಿಗೆ ಹೊಲವೇ ಇರಲಿಲ್ಲ. ಅವಳ ಮುಯ್ಯಿ ತೀರಿಸುವುದೆಲ್ಲಿಂದ ಎಂದು ನಾನು ಕೇಳಿದರೆ ಅವ್ವ, "ಹೊಲದಾಗೇ ತೀರಿಸಬೇಕು ಅಂತ ಯಾವ ಶಾಸ್ತ್ರದಾಗೈತೆ?" ಅನ್ನುತ್ತಿದ್ದಳು. ಈರಜ್ಜಿಯ ಮಗಳು ಬಾಣಂತನಕ್ಕೆ ಬಂದಾಗ ಅವ್ವ ದಿನಾ ಹೋಗಿ ಎಣ್ಣೆ ಹಚ್ಚಿ ಎರೆದು ಬಂದಳು. ತಿರುಗಿ ಬರುವಾಗ ಅವ್ವನ ಸೆರಗಿನಿಂದ ಸಾಂಬ್ರಾಣಿ ಹೊಗೆಯ ವಾಸನೆ ಬರುತ್ತಿತ್ತು.

ನಮ್ಮ ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ ನೋಡಿ. ನನ್ನನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಹುಟ್ಟಿದ ದಿನ ಯಾವುದೆಂದು ಕೇಳಿದರಂತೆ. "ಶೇಂಗಾ ಕೀಳ್ತಿದ್ವಿ ಸ್ವಾಮಿ" ಅಂದನಂತೆ ಅಪ್ಪ. ಅವರು ಜೂನ್ ಒಂದು ಎಂದು ಬರೆದುಕೊಂಡರು. ನನ್ನ ಹಿಂದೆ ನಿಂತವನಿಗೂ ಅದೇ, ಅವನ ಹಿಂದೆ ನಿಂತವನಿಗೂ ಅದೇ. ಈಗ ವರ್ಷಕ್ಕೊಮ್ಮೆ ಜೂನ್ ಒಂದರ ಬೆಳಿಗ್ಗೆ ನಮ್ಮ ಹಳೇ ಕ್ಲಾಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರೂ ಎಲ್ಲರಿಗೂ ಶುಭಾಶಯ ಕೋರುತ್ತೇವೆ. "ಸೇಮ್ ಟು ಯೂ" ಎಂಬ ಉತ್ತರ ಸರಿಹೋಗುವುದು ಜಗತ್ತಿನಲ್ಲಿ ಬಹುಶಃ ಅಲ್ಲಿ ಮಾತ್ರ. ಅಂಥವನ ಮಗನಿಗೆ ಆಸ್ಪತ್ರೆಯವರು ಗಂಟೆ ನಿಮಿಷದ ಸಮೇತ ಹುಟ್ಟಿದ ದಿನ ಬರೆದುಕೊಟ್ಟರು. ಏನುಪಯೋಗ?

ನಾನು ಸುಮ್ಮನೆ ಕೂರುವ ಅಪ್ಪನಲ್ಲ. ಮೇ ತಿಂಗಳಲ್ಲಿ ಮನೆಯಲ್ಲೇ ಬರ್ತ್‌ಡೇ ಮಾಡಿ ಕ್ಲಾಸಿನವರನ್ನೆಲ್ಲ ಕರೆಯೋಣವೆಂದು ಆ ವರ್ಷವೇ ಒಮ್ಮೆ ಸಾಹಸ ಮಾಡಿದ್ದೆ. ಬೇಕರಿಯವನಿಗೆ ಮೊಟ್ಟೆ ಹಾಕದ ಕೇಕು, ಸ್ವಲ್ಪ ದೊಡ್ಡದೇ ಇರಲಿ ಎಂದೆ. ಬಲೂನು ಊದಿ ಊದಿ ದವಡೆ ನೋಯಿಸಿಕೊಂಡೆ. ಸಂಜೆ ಆರಾಯಿತು, ಏಳಾಯಿತು. ಒಬ್ಬೊಬ್ಬರಿಗೇ ಫೋನ್ ಮಾಡಿದರೆ ಒಬ್ಬ ಅಜ್ಜಿಯ ಊರಲ್ಲಿ, ಇನ್ನೊಬ್ಬ ಮಾವನ ಊರಲ್ಲಿ, ಮತ್ತೊಬ್ಬ ಹಾಲುರಾಮೇಶ್ವರಕ್ಕೆ ಹೋಗುವ ಕಾರಿನಲ್ಲಿ. ಬೇಸಿಗೆ ರಜೆಯಲ್ಲಿ ಮಕ್ಕಳು ಊರಲ್ಲಿ ಇರುವುದಿಲ್ಲ ಎಂಬುದು ಮಕ್ಕಳಿಗೆಲ್ಲ ಗೊತ್ತಿದ್ದ ಸಂಗತಿ, ನನಗೊಬ್ಬನಿಗೆ ಹೊಳೆದಿರಲಿಲ್ಲ. ಕೊನೆಗೆ ಎದುರುಮನೆಯ ಇಬ್ಬರು ಮುದುಕರನ್ನು ಕರೆದು ಕೂರಿಸಿ ತಲೆಗೆ ಬಣ್ಣದ ಟೊಪ್ಪಿಗೆ ಹಾಕಿ ಕೇಕು ಕತ್ತರಿಸಿದೆವು. ಮೇಣದಬತ್ತಿ ಊದುವಾಗ ಅವ್ವ, "ದೀಪ ಆರಿಸಬ್ಯಾಡ್ರೋ" ಎಂದು ಗಲಾಟೆ ಎಬ್ಬಿಸಿದಳು. ಆ ಕೇಕನ್ನು ಬೆಳಗಿನ ತಿಂಡಿಗೂ ತಿಂದು, ಅಂಗಡಿಗೆ ಬಂದ ಔಷಧಿ ಕಂಪನಿಯ ಹುಡುಗನಿಗೂ ತಿನ್ನಿಸಿ ಮುಗಿಸಿದ್ದಾಯಿತು.

ಮರುವರ್ಷ ಅವ್ವನೇ ದಾರಿ ತೋರಿಸಿದಳು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮುಂದೆ ಕನ್ನಡಕ ಏರಿಸಿ ನಿಂತು, "ಈ ಸಲ ಅಧಿಕ ಮಾಸ ಬಂದೈತೆ" ಅಂದಳು. "ಇವನು ಹುಟ್ಟಿದ್ದು ಜ್ಯೇಷ್ಠದಾಗೆ, ಕಾರಹುಣ್ಣಿಮೆಗೆ ಮುಂಚಿನ ಪಂಚಮಿ ದಿನ. ಆಸ್ಪತ್ರೆ ಮಂಚದ ಎದ್ರಿಗೇ ಕ್ಯಾಲೆಂಡರ್ ಇತ್ತು, ನಾನೇ ನೋಡೀನಿ. ಅಧಿಕ ಜ್ಯೇಷ್ಠ ಕಳೆದು ನಿಜ ಜ್ಯೇಷ್ಠ ಬರೋದ್ರೊಳಗೆ ಜೂನ್ ಅರ್ಧ ಮುಗಿದಿರ್ತೈತೆ. ಹುಟ್ಟಿದ ತಿಥಿಗೇ ಬರ್ತ್‌ಡೇ ಮಾಡಾಣ ಬಿಡು. ಇಂಗ್ಲಿಷ್ ತಾರೀಕು ಯಾವ ದೇವರು ಹಾಕಿಕೊಟ್ಟಿದ್ದು?"

ಯಾವ ಪಂಚಾಂಗಕ್ಕೂ ನಾನು ಅಷ್ಟು ಭಕ್ತಿಯಿಂದ ಕೈ ಮುಗಿದವನಲ್ಲ. ಅಧಿಕ ಮಾಸ ಅಂದರೆ ಶುಭಕಾರ್ಯಕ್ಕೆ ಆಗದು ಎನ್ನುತ್ತಾರೆ. ನನ್ನ ಮಗನ ಪಾಲಿಗೆ ಅದು ರಜೆಯನ್ನು ದಾಟಿಸುವ ತೆಪ್ಪವಾಗಿ ಬಂತು.

ಕಲರ್ ಡ್ರೆಸ್ ತಂದೆವು. ಭರಣಿಯ ಚಾಕ್ಲೇಟು ಬೇಡ, ಗಿರಾಕಿಗಳಿಗೆ ಕೊಡುವಂಥದ್ದು ಅದು ಎಂದು ಸುಮಾ ಚಿತ್ರದುರ್ಗದಿಂದ ಬಂಗಾರದ ಬಣ್ಣದ ಕಾಗದದವನ್ನು ತಂದಳು. ಆ ದಿನ ಬೆಳಿಗ್ಗೆ ಅವ್ವ ಅವನಿಗೆ ಎಣ್ಣೆ ಹಚ್ಚಿ ಎರೆದು, ಮಣೆ ಮೇಲೆ ಕೂರಿಸಿ, ವಿಭೂತಿ ಹಚ್ಚಿ ಆರತಿ ಎತ್ತಿದಳು. ನಾನು ಶೂಗೆ ಲೇಸು ಕಟ್ಟುತ್ತ ವ್ಯಾಪಾರದ ಬುದ್ಧಿ ಹೇಳಿದೆ. "ನೋಡು ಶರಣು, ಜತೆಗೆ ಸಾತ್ವಿಕ್‌ನ ಕರಿ. ಅವನ್ದು ಮುಂದಿನ ತಿಂಗಳೇ ಐತೆ. ಮುಯ್ಯಿ ತಿರುಗಿ ಬರ್ತೈತೆ."

"ಹೂಂ" ಅಂದ.

ಹತ್ತು ಗಂಟೆಯ ಸುಮಾರಿಗೆ ಅಂಗಡಿಗೆ ಫೋನು ಬಂತು. ಅವನ ಕ್ಲಾಸ್ ಮಿಸ್. ಅವರ ದನಿ ತಗ್ಗಿತ್ತು.

"ಸರ್, ಮನೇಲಿ ಎಲ್ಲಾ ಆರಾಮಿದೀರಾ? ಯಾರಿಗಾದ್ರೂ ಏನಾದ್ರೂ..."

ಫೋನನ್ನು ಕಿವಿಗೊತ್ತಿಕೊಂಡೆ. "ಇಲ್ವಲ್ಲ ಮೇಡಂ, ಯಾಕ್ರಿ?"

"ಅಲ್ಲ ಸರ್, ಶರಣು ಹೊಸ ಬಟ್ಟೆ ಹಾಕ್ಕೊಂಡು ಬಂದಿದಾನೆ. ಏನಪ್ಪ ವಿಶೇಷ ಅಂದ್ರೆ, 'ಮಿಸ್, ಇವತ್ತು ನನ್ನ ತಿಥಿ' ಅಂತಾನೆ."

ಹುಟ್ಟಿದ ತಿಥಿ ಎಂದು ಅಜ್ಜಿ ಕಲಿಸಿದ್ದರಲ್ಲಿ ಅರ್ಧ ಮನೆಯಲ್ಲೇ ಬಿಟ್ಟುಹೋಗಿದ್ದ. ಸತ್ತವರಿಗೆ ಮಾಡುವ ತಿಥಿಯನ್ನು ಕಲರ್ ಡ್ರೆಸ್ ಹಾಕಿಕೊಂಡು ತಾನೇ ಖುದ್ದಾಗಿ ಹಂಚಲು ನಿಂತಿದ್ದ. ನಾನು ಅಧಿಕ ಮಾಸ, ನಿಜ ಮಾಸ ಎಲ್ಲವನ್ನೂ ಫೋನಿನಲ್ಲೇ ಬಿಡಿಸಿ ಹೇಳುವಷ್ಟರಲ್ಲಿ ಆ ಕಡೆ ಮಿಸ್ ನಗು ತಡೆಯಲಾರದೆ ಹೋದರು. ಅವರ ಹಿಂದಿನಿಂದ ಇಡೀ ಕ್ಲಾಸು "ಹ್ಯಾಪಿ ತಿಥಿ ಶರಣೂ!" ಎಂದು ಕೂಗುವುದು ಕೇಳಿಸಿತು. ಎದುರಿಗೆ ನಿಂತಿದ್ದ ಗಿರಾಕಿ ಕೆಮ್ಮಿನ ಔಷಧಿ ಕೇಳಿದರೆ ನಾನು ಮುಲಾಮು ಕೊಟ್ಟು ಕಳಿಸಿದ್ದೆನೆಂದು ಆತ ತಿರುಗಿ ಬಂದ ಮೇಲೆ ಗೊತ್ತಾಯಿತು.

ಸಂಜೆ ಕೇಳಿದೆ. "ಸಾತ್ವಿಕ್‌ನ ಕರೆದ್ಯಾ?"

"ಇಲ್ಲ. ಕಾವ್ಯನ ಕರ್ಕಂಡು ಹೋದೆ."

ಕಾವ್ಯ ತಾಳ್ಯದ ಕಡೆಯಿಂದ ಶಾಲೆಯ ವ್ಯಾನಿನಲ್ಲಿ ಬರುವ ಹುಡುಗಿ. ಅವರ ಮನೆಯವರು ಕುರಿ ಸಾಕುವವರು. ಅವಳ ಅಪ್ಪ ಕುರಿಗಳಿಗೆ ಜಂತಿನ ಔಷಧಿ ಕೇಳಿಕೊಂಡು ನನ್ನ ಅಂಗಡಿಗೆ ಬಂದಿದ್ದು, ಅದು ಇಲ್ಲಿ ಸಿಗಲ್ಲ ಪಶು ಆಸ್ಪತ್ರೆಗೆ ಹೋಗ್ರಿ ಎಂದು ಕಳಿಸಿದ್ದು ನೆನಪಿತ್ತು.

"ಅವಳ ಬರ್ತ್‌ಡೇ ಯಾವಾಗೋ?"

"ಏಪ್ರಿಲ್‌ನಾಗೆ. ಅವಳ್ದೂ ರಜೆಯಾಗೇ ಬರೋದು. ಅವಳ್ನೂ ಯಾರೂ ಕರಿಯಲ್ಲಪ್ಪ."

"ಮತ್ತೆ ಅವಳು ನಿನ್ನ ಹೆಂಗೆ ಕರೀತಾಳೋ?"

"ಗೊತ್ತಿಲ್ಲ" ಎಂದು ಭುಜ ಹಾರಿಸಿ ಆಡಲು ಓಡಿದ.

ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ, ನನಗೆ ಹೆಮ್ಮೆಯೇನೂ ಆಗಲಿಲ್ಲ, ರೇಗಿತು. ಅಧಿಕ ಮಾಸ ವರ್ಷವರ್ಷ ಬರುತ್ತದೆಯೇ? ಸಿಕ್ಕ ಒಂದು ಅವಕಾಶವನ್ನು ತೀರಿಸಲಾರದವಳ ಮೇಲೆ ಹಾಕಿ ಬಂದಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವ್ವನ ಮುಂದೆ ಗೊಣಗಿದೆ. ಅವ್ವ ಅವನ ಹೊಸ ಅಂಗಿಯನ್ನು ಮಡಿಸುತ್ತ, "ನಿನ್ ತಕ್ಕಡಿ ಅಂಗಡಿಯಾಗೇ ಇಟ್ಟು ಬಾರಪ್ಪ" ಅಂದಳು. ಮೆಡಿಕಲ್ ಶಾಪಿನಲ್ಲಿ ತಕ್ಕಡಿ ಇರುವುದಿಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮುಂದಿನ ತಿಂಗಳು ಸಾತ್ವಿಕ್‌ನ ಬರ್ತ್‌ಡೇ ಬಂತು. ಜೇಬಿನಲ್ಲಿ ಕೆಂಪು ಕಾಗದ, ಒಂದು. ಆಮೇಲೆ ಹಸಿರು, ಒಂದು. ಗಣಪತಿ ಹಬ್ಬದ ಆಸುಪಾಸು ಇನ್ನೊಂದು. ದಸರಾ ರಜೆ ಬರುವ ಹೊತ್ತಿಗೆ ನಾನು ಹುಡುಕುವುದನ್ನೇ ಬಿಟ್ಟಿದ್ದೆ. ಕೈ ಮಾತ್ರ ಅಭ್ಯಾಸಬಲದಿಂದ ಜೇಬಿಗೆ ಹೋಗುತ್ತಿತ್ತು.

ಮೊನ್ನೆ ಒಂದು ಭಾನುವಾರ ಬೆಳಿಗ್ಗೆ ಹಾಗೆಯೇ ಹೋಯಿತು. ಬೆರಳಿಗೆ ಏನೋ ಮೆತ್ತಗೆ, ಅಂಟಂಟಾಗಿ ತಗುಲಿತು. ಜೀರ್ಜಿಂಬೆಯ ನೆನಪಾಗಿ ಕೈ ಹಿಂದಕ್ಕೆಳೆದೆ. ಧೈರ್ಯ ಮಾಡಿ ತೆಗೆದು ನೋಡಿದರೆ ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದೆ. ಏಲಕ್ಕಿಯ ವಾಸನೆ ಬಂತು. ಬೆಲ್ಲದ ಬಣ್ಣದ ಒಂದು ತುಂಡು ಗಿಣ್ಣು, ಒಂದು ಮೂಲೆ ಜಜ್ಜಿಹೋಗಿತ್ತು.

"ಲೇ ಶರಣು, ಏನೋ ಇದು?"

ಹಲ್ಲುಜ್ಜುತ್ತಿದ್ದವನು ಬಾಯಿ ತುಂಬ ನೊರೆ ಇಟ್ಟುಕೊಂಡೇ ಬಂದ. "ಅಯ್ಯೋ ಮರ್ತೇ ಹೋಗಿತ್ತು. ಗಿಣ್ಣು. ನಿನ್ನೆ ಕಾವ್ಯನ ಬರ್ತ್‌ಡೇ."

"ಏಪ್ರಿಲ್‌ನಾಗೆ ಅಂದಿದ್ದೆ?"

ಅವನು ಬಾಯಿ ಮುಕ್ಕಳಿಸಿ ಬಂದು ಹೇಳಿದ್ದನ್ನೆಲ್ಲ ಜೋಡಿಸಿದರೆ ಇಷ್ಟು. ಕಾವ್ಯ ಮನೆಗೆ ಹೋಗಿ ತನ್ನದೂ ಒಂದು ತಿಥಿ ಹುಡುಕಿ ಕೊಡೆಂದು ಅಜ್ಜಿಯ ಬೆನ್ನು ಬಿದ್ದಿದ್ದಾಳೆ. ಆ ಅಜ್ಜಿಗೆ ಪಂಚಾಂಗ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ, ಮೊಮ್ಮಗಳು ಹುಟ್ಟಿದ ದಿನವೇ ಮನೆಯ ಎಮ್ಮೆಯೂ ಕರ ಹಾಕಿತ್ತು. "ಎಮ್ಮೆ ಯಾವತ್ತು ಕರ ಹಾಕ್ತೈತೋ ಅವತ್ತೇ ನಿನ್ ಬರ್ತ್‌ಡೇ, ತಗಾ" ಅಂದುಬಿಟ್ಟಿದ್ದಾಳೆ. ಹುಡುಗಿ ಅಂದಿನಿಂದ ಎಮ್ಮೆಯನ್ನು ಕಾದಿದ್ದಾಳೆ. ಈಗ ಎಮ್ಮೆ ಕರ ಹಾಕಿದೆ. ಕಲರ್ ಡ್ರೆಸ್ ಹಾಕಿಕೊಂಡು, ಸ್ಟೀಲ್ ಡಬ್ಬಿಯ ತುಂಬ ಗಿಣ್ಣು ಕೊಯ್ದು ತುಂಬಿಸಿಕೊಂಡು ಬಂದಿದ್ದಾಳೆ. ಮನೆಯ ತಿಂಡಿ ಹಂಚಬಾರದೆಂಬ ನಿಯಮ ಶಾಲೆಯಲ್ಲಿದೆ. ಆದರೆ ಗಿಣ್ಣನ್ನು ಬೇಡ ಅನ್ನುವ ಎದೆಗಾರಿಕೆ ನಮ್ಮ ಸೀಮೆಯಲ್ಲಿ ಯಾರಿಗಿದೆ? ಮಿಸ್ ತಿಂದರು, ಆಫೀಸು ರೂಮಿನವರೂ ತಿಂದು ಬೆರಳು ಚೀಪಿದರಂತೆ.

"ಇದು ನಿಂಗೆ ಅಂತ ಇಟ್ಕಂಡಿದ್ದೆ" ಅಂದ ಶರಣು.

"ನಿನ್ ಪಾಲಿಂದು ನೀನು ತಿನ್ನಲಿಲ್ವೇನೋ?"

"ತಿಂದೆನಲ್ಲ. ಎಲ್ರಿಗೂ ಒಂದು ಅಪ್ಪ. ನಂಗೆ ಎರಡು."

ಹೇಳಿದವನು ಟವೆಲ್ಲು ಎಳೆದುಕೊಂಡು ಒಳಗೆ ಹೋದ. ಅವನಿಗೆ ಅದು ನಿನ್ನೆಯ ಸುದ್ದಿ. ನಾನು ಬಕೆಟ್ಟಿನ ಪಕ್ಕ ಹಾಗೇ ಕುಕ್ಕರುಗಾಲಲ್ಲಿ ಕೂತೆ. ಕಣ್ಣು ತುಂಬಿಬಂತು. ಕಂಡಿರದ ಆ ಅಜ್ಜಿಗೆ, ಡಬ್ಬಿ ಹೊತ್ತು ತಂದ ಹುಡುಗಿಗೆ, ಸಮಯ ನೋಡಿ ಕರ ಹಾಕಿದ ಆ ಪುಣ್ಯಾತ್ಗಿತ್ತಿ ಎಮ್ಮೆಗೆ ಮನಸ್ಸಿನಲ್ಲೇ ಕೈ ಮುಗಿದೆ. ಅವ್ವ ಹಿತ್ತಿಲ ಬಾಗಿಲಿಗೆ ಬಂದು ನೋಡಿ, "ಇರುವೆ ಹತ್ತಿರ್ತೈತೆ, ಊದಿ ತಿನ್ನಪ್ಪ" ಅಂದಳು. ಊದಿದೆ. ಜೇಬಿನ ನೂಲಿನ ಚೂರೂ ಅದಕ್ಕೆ ಅಂಟಿತ್ತು. ಅದನ್ನು ಬಿಡಿಸಲು ಹೋದರೆ ಗಿಣ್ಣೂ ಕಿತ್ತು ಬರುತ್ತಿತ್ತು, ಹಾಗಾಗಿ ನೂಲಿನ ಸಮೇತ ತಿಂದೆ.